ಹಸಿದ ಕೌದಿ

ಬಾಬಿನ್ ನನ್ನ ಬಲಗಾಲಿನ ಬೂಟಿನ ಲೇಸು ಪೂರ್ತಿ ಬಿಚ್ಚಿ ಮುಗಿಸಿ ಎಡಗಾಲಿಗೆ ಬಂದಿದ್ದಳು. ಬಾಬಿನ್ ಎಂದರೆ ಬೆಕ್ಕು. ಬೆಕ್ಕು ಹತ್ತಿರ ಬಂದರೆ ನನಗೆ ಸೀನು. ನಾನು ಸೀನಿದರೆ ಒಳಗಿರುವ ನಾಯಿ ಬೊಗಳುತ್ತದೆ, ಅದು ಬೊಗಳಿದರೆ ನನ್ನ ಕಾಲುಗಳು ತಾವಾಗಿಯೇ ರಸ್ತೆಯ ಕಡೆ ತಿರುಗುತ್ತವೆ. ಆದ್ದರಿಂದ ಪತ್ತೇದಾರ ಪರಮಾನಂದನಾದ ನಾನು ಮೂಗು ಹಿಡಿದುಕೊಂಡು, ರುಕ್ಮವ್ವನ ಕೋಣೆಯ ಹೊಸ್ತಿಲ ಮೇಲೆ ಕೂತು ತನಿಖೆ ನಡೆಸುತ್ತಿದ್ದೆ.

“ಒಳಗ ಬರ್ರಿ ಸಾಹೇಬ್ರ, ಗುಂಡಿ ಏನೂ ಮಾಡೂದಿಲ್ಲ,” ಎಂದಳು ರುಕ್ಮವ್ವ. ಗುಂಡಿ ಎಂದರೆ ನಾಯಿ. ಮರಿಯಾಗಿದ್ದಾಗ ಯಾರದೋ ಅಂಗಿಯ ಗುಂಡಿ ನುಂಗಿ ಆ ಹೆಸರು ಸಂಪಾದಿಸಿಕೊಂಡವನು.

“ಇಲ್ಲೇ ಗಾಳಿ ಚೆನ್ನಾಗಿ ಬರುತ್ತೆ,” ಎಂದೆ.

ಗಾಳಿ ಎಲ್ಲಿಂದ ಬರಬೇಕು? ಸಿಂಗಸಂದ್ರದ ಆ ವಠಾರದಲ್ಲಿ ಎರಡು ಸಾಲು ಕೋಣೆಗಳ ನಡುವೆ ಒಂದು ಬೈಕು ನಿಲ್ಲಿಸಿದರೆ ಮನುಷ್ಯರು ಅಡ್ಡಡ್ಡ ನಡೆಯಬೇಕು. ಕೋಣೆಯೊಳಗೆ ಹೊಲಿಗೆ ಮಷಿನ್ನು, ಹಳೇ ಸೀರೆಗಳ ಗಂಟುಗಳು, ಒಂದು ಸ್ಟವ್ವು. ರುಕ್ಮವ್ವನ ಗಂಡ ಮಲಕಪ್ಪ ಜಿಗಣಿಯ ಗ್ರಾನೈಟ್ ಫ್ಯಾಕ್ಟರಿಗೆ ಹೋಗಿದ್ದ. ಬುತ್ತಿ ಕಟ್ಟಿಕೊಟ್ಟದ್ದನ್ನು ಬಿಟ್ಟೇ ಹೋಗಿದ್ದ. ಅದು ಮಷಿನ್ನಿನ ಮೇಲೆ ಹಾಗೇ ಇತ್ತು.

ನಡೆದಿರುವುದು ಇಷ್ಟು: ಅಪಾರ್ಟ್‌ಮೆಂಟಿನ ಕಮಲಮ್ಮನವರ ಮೊಮ್ಮಗಳ ತೊಟ್ಟಿಲ ದಿನ, ಅವರ ತೀರಿಹೋದ ತಾಯಿ ಭದ್ರಮ್ಮ ಹಳೇ ಸೀರೆಗಳ ಕೌದಿಯ ಮೂಲೆಯಲ್ಲಿಟ್ಟು ಹೊಲಿದಿದ್ದ ಚಿನ್ನದ ಗುಂಡುಗಳ ಬೋರಮಾಳ ಸರ ಮಾಯವಾಗಿತ್ತು, ಆ ಕೌದಿಯನ್ನು ಕೊನೆಗೆ ರಿಪೇರಿ ಮಾಡಿದವಳು ರುಕ್ಮವ್ವ. ಮನೆಯ ಯಜಮಾನ, ಕಮಲಮ್ಮನವರ ಗಂಡ ಮಡಿವಾಳಪ್ಪನವರು ನನ್ನನ್ನು ಗೊತ್ತು ಮಾಡಿದ್ದರು. ಸಂಜೆಯೊಳಗೆ ಸರ ಸಿಗಬೇಕು, ಇಲ್ಲವೇ ಅವಳ ಮೇಲೆ ಪೊಲೀಸ್ ಕಂಪ್ಲೇಂಟು.

“ಅಕ್ಕಾ...” ನನ್ನ ಬೆನ್ನ ಹಿಂದೆ ಒಬ್ಬಳು ಬಂದು ನಿಂತಳು. ಪಕ್ಕದ ಬೀದಿಯ ರಾಣಿ. “ನನ್ನ ಬ್ಲೌಸ್ ಪೀಸು...”

“ನಾಳೆ ಕೊಡ್ತೀನವ್ವಾ, ತೋಳು ಕೂಡಿಸೂದಷ್ಟ ಐತಿ.”

“ಪರವಾಗಿಲ್ಲಕ್ಕಾ, ಹಂಗೇ ಕೊಟ್ಬಿಡಿ. ಬೇರೆ ಕಡೆ ಹೊಲಿಸ್ಕೋತೀನಿ.”

ತೋಳಿಲ್ಲದ ಬ್ಲೌಸನ್ನು ರುಕ್ಮವ್ವ ಮಡಚಿ ಕೊಟ್ಟಳು. ರಾಣಿ ಅದನ್ನು ಅಲ್ಲೇ ನಿಂತು ಬಿಡಿಸಿ ನೋಡಿದಳು, ಬಟ್ಟೆ ಪೂರ್ತಿ ಇದೆಯೋ ಇಲ್ಲವೋ ಎಂಬಂತೆ. ನನಗೆ ಮೈ ಉರಿಯಿತು. ರುಕ್ಮವ್ವ ಮಾತ್ರ ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಳು.

“ಮುಂಜಾನಿಂದ ನಾಲ್ಕನೇಯಾಕಿ,” ಎಂದಳು ಆಮೇಲೆ. “ಮನಿ ಮಾಲಕರು ಹೇಳ್ಯಾರ, ಪೊಲೀಸ್ರು ಈ ವಠಾರಕ್ಕ ಕಾಲಿಟ್ರ ನೀವು ಖಾಲಿ ಮಾಡ್ರಿ ಅಂತ. ಖಾಲಿ ಮಾಡಿ ಹೋಗಬಹುದ್ರಿ. ಕಳ್ಳಿ ಅನ್ನಿಸ್ಕೊಂಡು ಎಲ್ಲಿ ಹೋಗಿ ಮಷಿನ್ ಹಾಕ್ಲಿ?”

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಗು ಒಂದು ಸೀನು ಕೊಟ್ಟಿತು.

ಅಷ್ಟೇ ಸಾಕಾಯಿತು. ಗುಂಡಿ ಎಗರಿ ಮಷಿನ್ನಿನ ಪೆಡಲ್ ಮೇಲೆ ಬಿದ್ದ. ಬಟ್ಟೆಯಿಲ್ಲದ ಮಷಿನ್ನು ಕಟಕಟ ಓಡತೊಡಗಿತು. ಚಕ್ರ ತಿರುಗಿದ್ದನ್ನು ಕಂಡ ಬಾಬಿನ್ ನನ್ನ ಲೇಸು ಬಿಟ್ಟು ಚಕ್ರದ ಮೇಲೆ ಹಾರಿದಳು. ತನ್ನ ಮಷಿನ್ನಿನ ಮೇಲೆ ಬೆಕ್ಕು ಹತ್ತಿದ್ದನ್ನು ಸಹಿಸದ ಗುಂಡಿ ಇನ್ನಷ್ಟು ಜೋರಾಗಿ ಕುಣಿದ, ಮಷಿನ್ನು ಇನ್ನಷ್ಟು ಜೋರಾಗಿ ಓಡಿತು. ಮಲಕಪ್ಪನ ಬುತ್ತಿ ಉರುಳಿ ಕೆಳಗೆ ಬಂತು. ರೊಟ್ಟಿ ನಾಯಿಗೆ, ಮೊಸರು ಬೆಕ್ಕಿಗೆ. ಯುದ್ಧ ಮುಗಿಯಿತು.

“ದಿನಾ ಇದ ಹಣೇಬಾರ,” ಎಂದಳು ರುಕ್ಮವ್ವ. ಅವಳ ಮುಖದಲ್ಲಿ ಬೆಳಗಿನಿಂದ ಮೊದಲ ಸಲ ನಗುವಿನಂಥದ್ದು ಸುಳಿಯಿತು. “ಆ ಕೌದಿ ಇದ್ದಾಗಂತೂ ಮನಿ ಕುಸ್ತಿ ಕಣ ಆಗಿತ್ತು. ಇಕಿ ಅದರ ಮ್ಯಾಲ ಮಲಗೂದು, ಅವ ಮೂಲಿ ಹಿಡದು ಎಳಿಯೂದು. ಇಕಿ ಅವನ ಮೂತಿಗೆ ಹೊಡಿಯೂದು, ಅವ ಮತ್ತ ಎಳಿಯೂದು. ಕಡೀಕ ಕೌದೀನ ಹಗ್ಗ ಕಟ್ಟಿ ಸೂರಿಗೆ ತೂಗಿಬಿಟ್ಟೆ. ಆವಾಗೂ ಅವ ಕೆಳಗ ಕುಂತು ಒಂದ ಕಾಲು ಎತ್ತಿ ಮ್ಯಾಲ ನೋಡೂದ ನೋಡೂದು.”

“ಯಾವ ಮೂಲೆ?”

“ನಾ ಹೊಲದ ಮೂಲಿ. ಇಲಿ ಕಡದು ಹರಿದಿತ್ತಲ್ರಿ, ಅದು.”

“ಅದರಲ್ಲಿ ಏನಿತ್ತು ಅಂತ ಎಳೀತಿದ್ದ?”

ರುಕ್ಮವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು. ಮುಖ ತೊಳೆಯುವುದು ಯಾಕೆ ಎಂದು ಕೇಳಿದವನನ್ನು ನೋಡುವ ಹಾಗೆ.

“ಶೇಂಗಾ ಉಂಡಿ ಇತ್ರೀ.”

ನಾನು ಪೆನ್ನು ಕೆಳಗಿಟ್ಟೆ. “ಕೌದಿಯೊಳಗೆ ಶೇಂಗಾ ಉಂಡೆ?”

“ಕೌದಿ ಮುಚ್ಚಿ ಹೊಲಿಯೂ ಮುಂದ ಹೊಟ್ಟಿ ಖಾಲಿ ಬಿಡಬಾರದ್ರಿ. ಒಂದು ಚೂರು ರೊಟ್ಟಿ ಇಡ್ತೀವಿ. ಹಸದ ಕೌದಿ ಹೊದ್ದವ್ರಿಗೆ ನಿದ್ದಿ ಹತ್ತೂದಿಲ್ಲ. ಇದು ಸಣ್ಣ ಕೂಸಿಗೆ ಅಂದ್ರು ಯಜಮಾನ್ರು, ಅದಕ್ಕ ಸೀ ಇರಲಿ ಅಂತ ಉಂಡಿ ಒತ್ತಿ ತೆಳ್ಳಗ ಮಾಡಿ ಇಟ್ಟೇನ್ರಿ. ನಮ್ಮ ಕಡೆ ಎಲ್ಲಾರೂ ಇಡ್ತಾರ.”

“ಉಳಿದ ಮೂಲೆ ಮುಟ್ಟಿ ನೋಡಿದ್ರಾ?”

“ನೋಡಿದ್ನಿ. ಒಂದರಾಗ ಬಿರುಸು ಏನೋ ಕೈಗೆ ಹತ್ತಿತು. ಆ ಹಿರೇಮನಶಿ ಇಟ್ಟಿದ್ದ ರೊಟ್ಟಿ ಒಣಗಿ ಕಲ್ಲಾಗೇತಿ ಅಂತ ಬಿಟ್ಟೆ.” ಅವಳ ದನಿ ಇಳಿಯಿತು. “ಬಂಗಾರ ಅಂತ ನನಗೇನು ಗೊತ್ರಿ? ಕೌದಿ ಮೂಲ್ಯಾಗ ಬಿರುಸು ಹತ್ತಿದ್ರ ರೊಟ್ಟಿ ಅಂತನ ತಿಳಕೋತೀವಿ ನಾವು.”

ಚಿನ್ನದ ಗುಂಡುಗಳನ್ನು ಕೈಯಲ್ಲಿ ಹಿಡಿದು, ಒಣರೊಟ್ಟಿ ಎಂದುಕೊಂಡು ಬಿಟ್ಟವಳು! ಈ ಮಾತನ್ನು ಯಾವ ಪೊಲೀಸನೂ ನಂಬುವುದಿಲ್ಲ. ನಾನು ನಂಬಿದೆ. ಸುಳ್ಳು ಹೇಳುವವರು ಇದಕ್ಕಿಂತ ಒಳ್ಳೆಯ ಸುಳ್ಳು ಹೇಳುತ್ತಾರೆ.

ನಂಬಿದ ಮೇಲೆ ಮಡಿವಾಳಪ್ಪನವರು ಹೇಳಿದ್ದನ್ನೆಲ್ಲ ಮತ್ತೆ ಮೊದಲಿಂದ ನೆನೆದೆ. ತೊಟ್ಟಿಲ ದಿನ ಊರಿನಿಂದ ಬಂದಿದ್ದ ಭರಮಪ್ಪನೆಂಬ ಹಿರಿಯರು ತುಂಬಿದ ಮನೆಯಲ್ಲಿ ಎದ್ದು ನಿಂತು, ಮರಿಮೊಮ್ಮಗಳಿಗೆಂದು ಭದ್ರಮ್ಮ ಕೌದಿಯಲ್ಲಿ ಸರ ಇಟ್ಟಿದ್ದಾಳೆ, ಬಿಚ್ಚಿರಿ ಎಂದಿದ್ದರು. ಕಮಲಮ್ಮನವರ ಮಗಳು ಸ್ಫೂರ್ತಿ ಕತ್ತರಿ ತಂದು ನಾಲ್ಕೂ ಮೂಲೆ ಕತ್ತರಿಸಿದ್ದಳು. ಹಳೇ ಬಟ್ಟೆಯ ಚೂರು ಬಿಟ್ಟರೆ ಏನೂ ಇರಲಿಲ್ಲ. ಮಡಿವಾಳಪ್ಪನವರು ನನಗೆ ಹೇಳಿದ ಮಾತು ಅದೇ: ಏನೂ ಇರಲಿಲ್ಲ.

ಏನೂ ಎಂದರೆ ಏನೂ ಇಲ್ಲ. ಸರವೂ ಇಲ್ಲ, ಶೇಂಗಾ ಉಂಡೆಯೂ ಇಲ್ಲ.

ಸರ ಕದಿಯುವವನು ಸರ ಕದಿಯುತ್ತಾನೆ. ಉಂಡೆ ಕದಿಯುವ ಕಳ್ಳ ಯಾರು?

“ರುಕ್ಮವ್ವಾ, ಆ ಉಂಡೆ ಇನ್ನೂ ಇದೆಯಾ ಮನೇಲಿ?”

ಅವಳು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಗುಂಡಿ ರೊಟ್ಟಿ ಬಿಟ್ಟು ಬಂದು ಡಬ್ಬಿಯ ಮುಂದೆ ಕೂತ. ಬಲಗಾಲು ಎತ್ತಿ, ಗಂಟಲಲ್ಲೇ ಸಣ್ಣಗೆ ಕುಂಯ್‌ಗುಟ್ಟಿದ. ಬಾಬಿನ್ ಬೇರೇನೂ ಕೆಲಸವಿಲ್ಲದ್ದರಿಂದ ಅವನ ಬಾಲದ ಮೇಲೆ ಕೂತಳು. ಅವನು ಅಲುಗಲಿಲ್ಲ.

“ನಾಯಿಗೆ ಹಗ್ಗ ಹಾಕಿ,” ಎಂದೆ. “ಹೋಗೋಣ.”

“ಇಕಿನ್ನ ಬಿಟ್ಟು ಅವ ಬರೂದಿಲ್ರಿ.”

“ಬೆಕ್ಕನ್ನೂ ತಗೊಳ್ಳಿ,” ಎನ್ನುವಾಗ ನನ್ನ ದನಿ ನನಗೇ ಅಳುವಂತೆ ಕೇಳಿಸಿತು.

ಹೊರಡುವ ಮುನ್ನ ರುಕ್ಮವ್ವ ಕೈಚೀಲಕ್ಕೆ ಸೂಜಿ, ಕತ್ತರಿ, ಕೆಂಪು ದಾರದ ರೀಲು ಹಾಕಿಕೊಂಡಳು. ಯಾಕೆ ಎಂದೆ.

“ನಾಲ್ಕೂ ಮೂಲಿ ಕತ್ತರಿಸ್ಯಾರ ಅಂದ್ರಲ್ರಿ. ಹಂಗ ಬಾಯಿ ತೆರಕೊಂಡು ಬಿದ್ದೈತಿ ಕೌದಿ. ಹೊಲದು ಕೊಟ್ಟು ಬರ್ತೀನಿ.”

ಕಳ್ಳಿ ಎಂದವರ ಮನೆಗೆ ಹೊಲಿದುಕೊಡಲು ಹೊರಟಿದ್ದಳು. ನಾನು ಬೂಟಿನ ಲೇಸು ಕಟ್ಟಿಕೊಂಡೆ.

*

“ನಾಯಿ ಗೀಯಿ ಅತ್ತಿಸ್ಕೊಳಾಕಿಲ್ಲ ಸಾ,” ಎಂದ ಆಟೋ ರಾಮಾಂಜಿನಪ್ಪ.

“ನಾಯಿ ಒಂದೇ. ಗೀಯಿ ಬುಟ್ಟಿಯಲ್ಲಿದೆ.”

ಬುಟ್ಟಿಯೊಳಗಿಂದ ಬಾಬಿನ್ ಕೈ ಹೊರಹಾಕಿ ಅವನ ಖಾಕಿ ಅಂಗಿಯ ಎಳೆಯೊಂದನ್ನು ಹಿಡಿದಳು. ಅವನು ಎಳೆದುಕೊಂಡ, ಅವಳು ಬಿಡಲಿಲ್ಲ. ಅವನು ಮೊದಲು ಸಿಡುಕಿದ, ಆಮೇಲೆ ನಕ್ಕ. “ಇಂಗೇ ನಮ್ಮನೇಲೂ ಒಂದೈತೆ ಸಾ, ಅತ್ರಿ ಅತ್ರಿ.”

ಹೊಸೂರು ರಸ್ತೆಯಲ್ಲಿ ಗಾಡಿಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ನಿಂತಿದ್ದವು. ಕಂಪನಿ ಬಸ್ಸುಗಳ ನಡುವೆ ನಮ್ಮ ಆಟೋ ತೂರಲು ನೋಡಿತು, ಆಗಲಿಲ್ಲ. ನಡೆದು ಹೋಗಿದ್ದರೆ ಇಷ್ಟು ಹೊತ್ತಿಗೆ ತಲುಪುತ್ತಿದ್ದೆವು ಎಂದು ನಾನು ಪೇಚಾಡುತ್ತಿದ್ದಾಗ ಫೋನು ಬಂತು. ಮಡಿವಾಳಪ್ಪನವರು.

“ಏನ್ ಪರಮಾನಂದ್, ಒಪ್ಪಿಕೊಂಡಳಾ?”

“ಇಲ್ಲ ಸಾರ್. ಕರ್ಕೊಂಡು ಬರ್ತಿದ್ದೀನಿ.”

“ಎಲ್ಲಿಗೆ?”

“ನಿಮ್ಮ ಮನೆಗೇ.”

“ಆಕೀನ ಇಲ್ಲಿಗೆ ಕರ್ಕೊಂಡು ಬರಬೇಡಿ ಅಂತ ಮೊದಲೇ ಹೇಳಿದ್ದೆ. ನಿಮ್ಮ ಕೆಲಸ ಆಕೀ ಬಾಯಿ ಬಿಡಿಸೋದು. ನಮ್ಮ ಮನೆಯೊಳಗೆ ಹುಡುಕೋದಲ್ಲ.”

ಫೋನು ಇಟ್ಟರು. ಸರ ಕಳೆದುಕೊಂಡವರು ಮನೆಯೊಳಗೆ ಹುಡುಕಬೇಡಿ ಎನ್ನುವುದನ್ನು ನನ್ನ ಅನುಭವದಲ್ಲಿ ಇದೇ ಮೊದಲು ಕೇಳಿದ್ದು.

“ಕೌದಿ ರಿಪೇರಿ ಆದಮೇಲೆ ಯಾರ ಕೈಗೆ ಕೊಟ್ರಿ?” ಎಂದು ರುಕ್ಮವ್ವನನ್ನು ಕೇಳಿದೆ.

“ಇದ ಯಜಮಾನ್ರ ಕೈಗೇರಿ. ಗೇಟ್ನ್ಯಾಗ ನಿಂತು ಇಸ್ಕೊಂಡ್ರು. ಮ್ಯಾಲ ಬರೂದು ಬ್ಯಾಡ ಅಂದ್ರು.”

ಗೇಟಿನ ವಾಚ್‌ಮನ್ ಮರೆಪ್ಪ ಇವತ್ತು ನಮ್ಮನ್ನು ತಡೆದ. ನಾಯಿ ಸರ್ವಿಸ್ ಲಿಫ್ಟ್‌ನಲ್ಲಿ, ಮನುಷ್ಯರು ಮೇನ್ ಲಿಫ್ಟ್‌ನಲ್ಲಿ, ಹೊಲಿಯುವವರು ಯಾವುದರಲ್ಲಿ ಎಂದು ಕೇಳಿ ಹೇಳಬೇಕಂತೆ. ಅವನು ಕೇಳಲು ಹೋದಾಗ ನಾವು ಎಲ್ಲರೂ ಸರ್ವಿಸ್ ಲಿಫ್ಟ್ ಹತ್ತಿದೆವು. ಮುಚ್ಚಿದ ಲಿಫ್ಟ್, ಒಂದು ನಾಯಿ, ಒಂದು ಬೆಕ್ಕು, ಒಬ್ಬ ನಾನು. ಅದರ ವರ್ಣನೆ ಬೇಡ.

ಮೇಲೆ ಕಾರಿಡಾರಿನಲ್ಲಿ ಎದುರು ಬದುರು ಎರಡೇ ಮನೆ. ಗುಂಡಿ ಇಳಿದವನೇ ಕಮಲಮ್ಮನವರ ಬಾಗಿಲು ಬಿಟ್ಟು ಎದುರು ಮನೆಯ ಬಾಗಿಲ ಸಂದಿಗೆ ಮೂತಿ ಒತ್ತಿದ. ಆ ಬಾಗಿಲಿಗೆ ಟು-ಲೆಟ್ ಬೋರ್ಡು ನೇತು ಹಾಕಿತ್ತು.

“ಅದಲ್ಲಪ್ಪಾ ಮಾರಾಯ, ಈ ಕಡೆ,” ಎಂದು ಹಗ್ಗ ಎಳೆದೆ. ನಾಯಿಯನ್ನು ನಾನೇ ಎಳೆದೆ! ರುಕ್ಮವ್ವ ಬಿಟ್ಟರೆ ಯಾರೂ ನೋಡಲಿಲ್ಲ ಎಂಬುದೊಂದೇ ಬೇಸರ.

*

ಬಾಗಿಲು ತೆರೆದ ಕಮಲಮ್ಮನವರು ಮೊದಲು ನನ್ನನ್ನು ನೋಡಿದರು, ಆಮೇಲೆ ನಾಯಿಯನ್ನು, ಕೊನೆಗೆ ರುಕ್ಮವ್ವನನ್ನು. ಮುಖ ಆ ಕ್ರಮದಲ್ಲೇ ಬಿಗಿಯಾಗುತ್ತ ಹೋಯಿತು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಕಾಟನ್ ಸೀರೆ, ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರ ನಿಲುವು.

“ಏನ್ರೀ ಇದು? ಸರ ತರ್ತೀನಿ ಅಂದೋರು ಸರ್ಕಸ್ ತಂದೀರಲ್ಲ?”

“ಮೇಡಂ, ಐದು ನಿಮಿಷ. ಆ ಕೌದಿ ಒಂದ್ಸಲ ಹಾಲ್‌ನಲ್ಲಿ ಹಾಸಿ.”

ಮಡಿವಾಳಪ್ಪನವರು ಸೋಫಾದ ಪಕ್ಕದ ಕುರ್ಚಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಪೇಪರು ತಲೆಕೆಳಗಾಗಿರಲಿಲ್ಲ, ಆದರೆ ಅವರು ಓದುತ್ತಲೂ ಇರಲಿಲ್ಲ. ಒಳಗಿನ ಕೋಣೆಯ ಬಾಗಿಲಲ್ಲಿ ಸ್ಫೂರ್ತಿ ಬಂದು ನಿಂತಳು, ಬಾಣಂತಿ, ಕಿವಿಗೆ ಸ್ಕಾರ್ಫ್ ಕಟ್ಟಿದ್ದಳು. ಅವಳ ಹಿಂದೆ ತೊಟ್ಟಿಲು ಮೆಲ್ಲಗೆ ತೂಗುತ್ತಿತ್ತು.

ಕಮಲಮ್ಮನವರೇ ಕೌದಿ ತಂದು ಹಾಸಿದರು. ಕೆಂಪು, ಹಸಿರು, ಮಾವಿನ ಚಿಗುರಿನ ಬಣ್ಣದ ಹಳೇ ಇಳಕಲ್ ಸೀರೆಗಳ ಚೌಕಗಳು, ಒತ್ತೊತ್ತಾಗಿ ಕೈಹೊಲಿಗೆ. ನಾಲ್ಕೂ ಮೂಲೆ ಹರಿದು ಬಾಯಿ ತೆರೆದಿತ್ತು. ಅದನ್ನು ನೋಡಿ ರುಕ್ಮವ್ವ ನಾಲಿಗೆ ಲೊಚಗುಟ್ಟಿದಳು.

“ಗುಂಡಿ, ನೋಡು,” ಎಂದು ಹಗ್ಗ ಬಿಟ್ಟಳು.

ಗುಂಡಿ ಕೌದಿಯ ಮೇಲೆ ಹತ್ತಿದ. ಒಂದು ಮೂಲೆ ಮೂಸಿದ, ಇನ್ನೊಂದು ಮೂಸಿದ, ನಡುವೆ ನಿಂತು ಮೈಕೊಡವಿ ಕೆಳಗಿಳಿದ. ಬೇಕಾದ್ದು ಸಿಗದ ಅಂಗಡಿಯಿಂದ ಗಿರಾಕಿ ಇಳಿಯುವ ಹಾಗೆ ಇಳಿದ. ಬುಟ್ಟಿಯಿಂದ ಹೊರಬಂದ ಬಾಬಿನ್ ಅದರ ಮೇಲೆ ಕಾಲೂ ಇಡಲಿಲ್ಲ. ನೇರ ರುಕ್ಮವ್ವನ ಕೈಚೀಲಕ್ಕೆ ಹೋಗಿ ಕೆಂಪು ದಾರದ ರೀಲು ಕಚ್ಚಿಕೊಂಡು ಓಡಿದಳು.

“ಸಾಕ್ಷಿ ಮುಗೀತಾ?” ಎಂದರು ಕಮಲಮ್ಮ.

“ಮುಗೀತು ಮೇಡಂ. ಇದು ಆ ಕೌದಿ ಅಲ್ಲ.”

“ಏನು?”

“ರುಕ್ಮವ್ವ ರಿಪೇರಿ ಮಾಡಿದ ಕೌದಿಯ ಮೂಲೇಲಿ ಶೇಂಗಾ ಉಂಡೆ ಇತ್ತು. ಈ ನಾಯಿ ಅದಕ್ಕೋಸ್ಕರ ಮನೆ ತಲೆಕೆಳಗು ಮಾಡಿದೆ. ಇದರಲ್ಲಿ ಒಂದು ಪುಡಿ ಕೂಡ ಇಲ್ಲ. ಎಣ್ಣೆ ಕಲೆಯೂ ಇಲ್ಲ. ಕೌದಿ ಬದಲಾಗಿದೆ.”

“ಹುಚ್ಚೇನ್ರೀ ನಿಮಗೆ? ನಮ್ಮವ್ವನ ಕೈಹೊಲಿಗೆ ನನಗ ಗೊತ್ತಿಲ್ಲೇನು? ಈ ಹಸಿರು ತುಂಡು ಆಕೀ ಮದುವಿ ಸೀರೀದು.” ಸಿಟ್ಟಿನಲ್ಲಿ ಅವರ ಪಾಠದ ಕನ್ನಡ ಹೋಗಿ ತವರಿನ ಕನ್ನಡ ಬಂತು. “ಇದು ನಮ್ಮವ್ವನ ಕೈಲೆ ಹೊಲಿದಿದ್ದು. ಆಣಿ ಮಾಡಿ ಹೇಳ್ತೀನಿ.”

ಇಲ್ಲಿ ನಾನು ಸಿಕ್ಕಿಬಿದ್ದೆ. ಅವರ ಕಣ್ಣಲ್ಲಿ ಸುಳ್ಳಿರಲಿಲ್ಲ. ನಾಯಿಯೂ ಸುಳ್ಳು ಹೇಳುವ ಪ್ರಾಣಿಯಲ್ಲ. ಕೌದಿ ಅವರ ತಾಯಿಯದೇ, ಆದರೆ ರುಕ್ಮವ್ವನ ಕೈಗೆ ಬಂದದ್ದಲ್ಲ. ಇಬ್ಬರೂ ನಿಜ ಹೇಳುವುದು ಹೇಗೆ ಸಾಧ್ಯ?

ಬಾಬಿನ್ ಅಷ್ಟರಲ್ಲಿ ರೀಲನ್ನು ಹಾಲ್ ತುಂಬ ಉರುಳಿಸುತ್ತಿದ್ದಳು. ಟೀಪಾಯಿಯ ಕಾಲು ಸುತ್ತಿ, ನನ್ನ ಕಾಲು ದಾಟಿ, ಮಡಿವಾಳಪ್ಪನವರ ಕುರ್ಚಿ ಸುತ್ತಿ ಸುತ್ತಿ ಬಂದಳು. ಗುಂಡಿ ಹಿಂದೆ ಬಿದ್ದ. ಅವಳು ಮಡಿವಾಳಪ್ಪನವರ ಕಾಲ ಸಂದಿಯಲ್ಲಿ ನುಗ್ಗಿ ಆಚೆ ಬಂದಳು, ಅವನೂ ನುಗ್ಗಿ ಸಿಕ್ಕಿಕೊಂಡ. ಅವರು “ಹಚಾ ಹಚಾ” ಎನ್ನುತ್ತ ಕಾಲು ಝಾಡಿಸಿದಷ್ಟೂ ಕೆಂಪು ದಾರ ಅವರ ಪಾದಕ್ಕೆ ಬಿಗಿಯಿತು. ಬೇರೆ ಹೊತ್ತಾಗಿದ್ದರೆ ನಾನು ನಗುತ್ತಿದ್ದೆ.

ಆಗ ರುಕ್ಮವ್ವ ಕೌದಿಯ ಅಂಚಿನ ಮೇಲೆ ಕೈಯಾಡಿಸುತ್ತ ಮಾತಾಡಿದಳು. ತನ್ನಷ್ಟಕ್ಕೇ ಹೇಳಿಕೊಂಡಂತಿತ್ತು.

“ಇದೂ ಅದ ಕೈನೇರಿ. ಅದ ಸೀರಿ, ಅದ ಹೊಲಿಗಿ. ಆದ್ರ ನಾ ಹೊಲದಿದ್ದು ಇದಲ್ಲ. ಅದರ ನಡುವ ಒಂದು ಹಳದಿ ಚೌಕ ಇತ್ತು, ಇದರಾಗ ನೀಲಿ ಐತಿ.” ತಲೆಯೆತ್ತಿ ಕಮಲಮ್ಮನವರನ್ನು ನೋಡಿದಳು. “ಹೆಣ್ಣಮಕ್ಕಳು ಎಷ್ಟು ಮಂದಿನೋ ಅಷ್ಟು ಕೌದಿ ಹೊಲೀತಾಳಲ್ರಿ ತಾಯಿ. ಒಂದ ಸೀರಿ ಹರದು ಎಲ್ಲಾರಿಗೂ ಹಂಚತಾಳ. ನೀವು ಎಷ್ಟು ಮಂದಿ ಅಕ್ಕತಂಗೇರು?”

ಕಮಲಮ್ಮ ಕೌದಿಯನ್ನು ಮಡಚತೊಡಗಿದರು.

“ನಾನೊಬ್ಬಾಕೀನ,” ಎಂದರು ಕಮಲಮ್ಮ.

ಬಹಳ ಬೇಗ ಹೇಳಿದರು. ಮಡಿವಾಳಪ್ಪನವರು ನೆಲ ನೋಡಿದರು. ಸ್ಫೂರ್ತಿ ಅಮ್ಮನನ್ನು ನೋಡಿದಳು, ಆ ನೋಟದಲ್ಲಿ ಸಿಟ್ಟಿತ್ತು.

“ನಾಲ್ಕೂ ಮೂಲೆ ಕತ್ತರಿಸಿದ್ದು ನೀವೇ ಅಲ್ವಾ?” ಎಂದು ಸ್ಫೂರ್ತಿಯನ್ನು ಕೇಳಿದೆ.

“ಹೌದು. ಯಾಕೆ?”

“ಒಂದು ಮೂಲೇಲಿ ಸರ ಇದೆ ಅಂದ್ರೆ ಜನ ಒಂದೊಂದೇ ಮೂಲೆ ಹಿಸುಕಿ ನೋಡ್ತಾರೆ. ನೀವು ಹಿಸುಕಲೂ ಇಲ್ಲ, ನಾಲ್ಕನ್ನೂ ಕತ್ತರಿಸಿಬಿಟ್ರಿ. ರುಕ್ಮವ್ವನ ಹೊಸ ಹೊಲಿಗೆ ಯಾವ ಮೂಲೇಲಿದೆ ಅಂತ ಯಾರಾದ್ರೂ ಹುಡುಕಿದ್ರೆ ಸಿಗಬಾರದು, ಅದಕ್ಕೇನಾ?”

“ಸಾರ್, ಮಗು ಮಲಗಿದೆ. ಮೆತ್ತಗೆ ಮಾತಾಡಿ.”

ಅವಳು ಹೇಳಿ ಮುಗಿಸುವ ಮೊದಲೇ ಗುಂಡಿ ಅವಳ ಕಾಲ ಪಕ್ಕದಿಂದ ಒಳಕೋಣೆಗೆ ನುಗ್ಗಿದ. ಸ್ಫೂರ್ತಿ “ಏಯ್!” ಎಂದು ತಿರುಗಿದಳು. ನಾನೂ ಓಡಿದೆ. ಮಗುವಿನ ಕೋಣೆಗೆ ನಾಯಿ ಹೋದರೆ ಆಮೇಲೆ ಕಂಪ್ಲೇಂಟು ನನ್ನ ಮೇಲೂ ಬರುತ್ತದೆ.

ಗುಂಡಿ ಏನೂ ಮಾಡಿರಲಿಲ್ಲ. ತೊಟ್ಟಿಲ ಕೆಳಗೆ ಕೂತಿದ್ದ. ಬಲಗಾಲು ಎತ್ತಿ, ಮೇಲೆ ನೋಡುತ್ತ, ಗಂಟಲಲ್ಲೇ ಕುಂಯ್‌ಗುಟ್ಟುತ್ತಿದ್ದ.

ರುಕ್ಮವ್ವ ನನ್ನ ಪಕ್ಕಕ್ಕೆ ಬಂದಳು. ತೊಟ್ಟಿಲಿನ ಬಿಳಿ ಹಾಸನ್ನು ಒಂದು ಬದಿಯಿಂದ ಮೆಲ್ಲಗೆ ಸರಿಸಿದಳು. ಮಗು ತುಟಿ ಚೀಪಿತು, ಏಳಲಿಲ್ಲ. ಹಾಸಿನ ಕೆಳಗೆ ಮಡಚಿಟ್ಟ ಇನ್ನೊಂದು ಕೌದಿ. ಅವೇ ಸೀರೆಗಳು, ಅದೇ ಹೊಲಿಗೆ, ನಡುವೆ ಹಳದಿ ಚೌಕ.

ಅವಳು ಒಂದು ಮೂಲೆ ಹಿಡಿದಳು. “ಇದು ನಾ ಹೊಲದಿದ್ದು. ಉಂಡಿ ಹಂಗ ಐತಿ.” ಆಮೇಲೆ ಎದುರಿನ ಮೂಲೆಗೆ ಕೈ ಹೋಯಿತು. ಬೆರಳುಗಳು ಅಲ್ಲಿ ತಡೆದು ನಿಂತವು. “ಬಿರುಸು ಇದ್ದಿದ್ದು ಇಲ್ಲಿ. ಈಗಿಲ್ಲ. ಬಿಚ್ಚಿ ಮತ್ತ ಹೊಲದಾರ.”

ಬಾಗಿಲಲ್ಲಿ ನಿಂತಿದ್ದ ಕಮಲಮ್ಮ ಒಳಗೆ ಬಂದು ಆ ಕೌದಿಯನ್ನು ಮುಟ್ಟಿ ನೋಡಿದರು. “ಸ್ಫೂರ್ತಿ, ಏನಿದು? ಈ ಎರಡನೇ ಕೌದಿ ಎಲ್ಲಿಂದ ಬಂತು?”

“ಅಜ್ಜಿಗೆ ಎಷ್ಟು ಜನ ಹೆಣ್ಮಕ್ಕಳು ಅಂತ ಈಗ ತಾನೇ ಕೇಳಿದ್ರಲ್ಲಮ್ಮ,” ಎಂದಳು ಸ್ಫೂರ್ತಿ. “ಇನ್ನೊಂದ್ಸಲ ಹೇಳು. ನನ್ನ ಮಗಳ ತೊಟ್ಟಿಲ ಮುಂದೆ ನಿಂತ್ಕೊಂಡು ಹೇಳು.”

ಕಮಲಮ್ಮ ತೊಟ್ಟಿಲಿಗೆ ಬೆನ್ನು ತಿರುಗಿಸಿದರು.

“ಸರ ಎಲ್ಲಿದೆ?” ಎಂದೆ.

“ಯಾರದ್ದೋ ಅವರಿಗೆ ಸೇರಿದೆ.”

ರುಕ್ಮವ್ವ ಮೂಲೆ ಬಿಟ್ಟಳು. ಹಾಸನ್ನು ಮೊದಲಿನಂತೆ ಸರಿಮಾಡಿದಳು, ಮಗುವಿನ ಕಾಲಿಗೆ ಹೊದಿಸಿದಳು. ಆಮೇಲೆ ಸ್ಫೂರ್ತಿಯ ಎದುರು ಬಂದು ನಿಂತಳು. ಬೆಳಗಿನಿಂದ ನಾನು ಕಂಡ ರುಕ್ಮವ್ವ ಅತ್ತಿರಲಿಲ್ಲ. ಈಗ ಅವಳ ಕಣ್ಣು ತುಂಬಿತ್ತು.

“ಕೂಸಿನ ಕೌದಿ ಅಂತ ಸೀ ಇಟ್ಟು ಹೊಲದೆ ತಾಯಿ. ಸರ ಎಲ್ಲೈತಿ ಅಂತ ನಿನಗ ಗೊತ್ತಿತ್ತು. ಹಂಗಾದ್ರ ಊರ ಮುಂದ ನನ್ನ ಹೆಸರು ಯಾಕ ಹೇಳಿದಿ?”

ಸ್ಫೂರ್ತಿ ಕಣ್ಣು ತಪ್ಪಿಸಿದಳು. “ನಾನು ಹೇಳಿಲ್ಲ ರುಕ್ಮವ್ವಾ. ನಿಮಗೆ ಹೀಗಾಗುತ್ತೆ ಅಂತ ನಂಗೊತ್ತಿರ್ಲಿಲ್ಲ. ಎರಡು ದಿನದಿಂದ ಬೇಡ ಬೇಡ ಅಂತ ಬಡ್ಕೋತಾ ಇದೀನಿ.”

“ಯಾರಿಗೆ?” ಎಂದೆ.

“ಅಪ್ಪನಿಗೆ. ರುಕ್ಮವ್ವನ ಹೆಸರು ಹೇಳಿದ್ದು ಅವರೇ.”

ನನ್ನನ್ನು ಕರೆಸಿದವರು. ಕೌದಿಯನ್ನು ಗೇಟಿನಲ್ಲೇ ಇಸಿದುಕೊಂಡವರು. ಮನೆಯೊಳಗೆ ಹುಡುಕಬೇಡಿ ಎಂದವರು. ನಾನು ಹಾಲ್‌ಗೆ ಓಡಿದೆ. ಪೇಪರು ನೆಲದ ಮೇಲಿತ್ತು, ಕುರ್ಚಿ ಖಾಲಿ.

ಟೀಪಾಯಿಯ ಹತ್ತಿರ ಬಾಬಿನ್ ಕಿವಿ ನಿಮಿರಿಸಿ ಕೂತಿದ್ದಳು. ಅವಳ ಮುಂದೆ ರೀಲು ತನ್ನಷ್ಟಕ್ಕೇ ಗಿರಗಿರ ತಿರುಗುತ್ತಿತ್ತು. ಕೆಂಪು ದಾರ ಹಾಲ್ ದಾಟಿ ಮುಂಬಾಗಿಲ ಕೆಳಗೆ ಹರಿದು ಹೋಗುತ್ತಿತ್ತು. ನಾನು ನೋಡುತ್ತಿದ್ದ ಹಾಗೆ ರೀಲು ಒಮ್ಮೆ ಜಗ್ಗಿ ನಿಂತುಬಿಟ್ಟಿತು. ಬಾಬಿನ್ ಕೈಯಿಂದ ತಟ್ಟಿದಳು. ಅದು ತಿರುಗಲಿಲ್ಲ.

ಬಾಗಿಲು ತೆರೆದೆ. ಮಡಿವಾಳಪ್ಪನವರ ಕಾಲಿಗೆ ಸಿಕ್ಕಿಕೊಂಡು ಹೋಗಿದ್ದ ದಾರ ಲಿಫ್ಟಿನ ಕಡೆ ತಿರುಗಿರಲಿಲ್ಲ, ಮೆಟ್ಟಿಲಿನ ಕಡೆಗೂ ಇಲ್ಲ. ನೇರ ಕಾರಿಡಾರ್ ದಾಟಿ, ಟು-ಲೆಟ್ ಬೋರ್ಡಿನ ಬಾಗಿಲ ಕೆಳಗೆ ನುಸುಳಿತ್ತು.

ಗುಂಡಿ ನನ್ನನ್ನು ದಾಟಿ ಹೋಗಿ ಆ ಬಾಗಿಲ ಮುಂದೆ ಕೂತ. ಬಲಗಾಲು ಎತ್ತಿದ. ಆಗ ನನಗೂ ವಾಸನೆ ಬಡಿಯಿತು. ಖಾಲಿ ಮನೆಯೊಳಗೆ ಯಾರೋ ಶೇಂಗಾ ಹುರಿಯುತ್ತಿದ್ದರು.

ರುಕ್ಮವ್ವ ಬಂದಳು. ಅವಳ ಹಿಂದೆ ಕಮಲಮ್ಮ ಬಂದು ನಿಂತರು. ಬಾಗಿಲಾಚೆ ಹೆಂಗಸಿನ ದನಿ, ಕಮಲಮ್ಮನವರದೇ ದನಿ ಎನ್ನಿಸುವಷ್ಟು ಒಂದೇ ತೆರನಾದ ದನಿ, ಕೇಳಿತು.

“ಮುಗೀತೇನು ಭಾವಾ? ಆ ಕೌದಿ ರುಕ್ಮವ್ವ ತಪ್ಪು ಒಪ್ಪಿಕೊಂಡಳೇನು?”

“ಶಿವಗಂಗಾ... ನನ್ನ ತಂಗಿ,” ಎಂದರು ಕಮಲಮ್ಮ. ಉಸಿರಿನಷ್ಟೇ ಸಣ್ಣಗೆ.

ನಾನು ಬೆಲ್ ಒತ್ತಲು ಕೈಯೆತ್ತಿದೆ. ಅದಕ್ಕಿಂತ ಮೊದಲೇ ರುಕ್ಮವ್ವ ಮುಂದೆ ಬಂದು ಬಾಗಿಲು ಬಡಿದಳು.